ರ‍್ಯಾಮಿನ ಮೇಲೆ ಹೆಬ್ಬೆರಳು

ಹಳೆಯ ರ‍್ಯಾಮ್ ಒಂದನ್ನೇ ಹಾಕಿದರೆ ಕಂಪ್ಯೂಟರ್ ಏಳುತ್ತಿತ್ತು. ಹೊಸದನ್ನು ಮಾತ್ರ ಹಾಕಿದರೂ ಏಳುತ್ತಿತ್ತು. ಎರಡನ್ನೂ ಕೂಡಿಸಿ ಹಾಕಿದರೆ ಪರದೆ ಕಪ್ಪಗೇ ಉಳಿದು ಒಳಗಿನಿಂದ ಉದ್ದುದ್ದನೆಯ ಬೀಪ್ ಕೂಗು ಬರುತ್ತಿತ್ತು. ಮೊದಲ ಸಲ ಕೂಗಿದಾಗ, ಹಾಗೇ ಕೂಗತ್ತೆ, ಹೊಸದಲ್ವಾ, ಎಂದು ಅವನು ಹೆಂಡತಿಗೆ ಸಮಾಧಾನ ಹೇಳಿದ್ದ. ಈಗ ಬೆಳಗಿನಿಂದ ಎಷ್ಟು ಸಲ ಕೂಗಿತ್ತೆಂದರೆ ಹೇಳಲು ಸಮಾಧಾನವೇ ಉಳಿದಿರಲಿಲ್ಲ. ಹೆಂಡತಿ ಏನೂ ಕೇಳುತ್ತಿರಲಿಲ್ಲ, ಅದೇ ಅವನಿಗೆ ಹಿಂಸೆ. ಕೇಳಿದ್ದರೆ ಸಿಡುಕಬಹುದಿತ್ತು, ಸಿಡುಕಿದ್ದರೆ ಮಾತಿಗೆ ಮಾತು ಬೆಳೆದು ತಪ್ಪು ಯಾರದೆನ್ನುವುದು ಆ ಗದ್ದಲದಲ್ಲಿ ಎಲ್ಲೋ ಕಳೆದುಹೋಗುತ್ತಿತ್ತು. ಅವಳು ಬಾಗಿಲಿಗೆ ಒರಗಿ ನಿಂತು, ಅಳತೆಯ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ, ಸ್ಟೂಲಿನ ಮೇಲೆ ಮಲಗಿಸಿಟ್ಟ ಕಂಪ್ಯೂಟರಿನ ಹೊಟ್ಟೆಯೊಳಗೆ ಗಂಡ ಟಾರ್ಚು ಬಿಡುವುದನ್ನು ನೋಡುತ್ತಿದ್ದಳು. ಅಂಗಡಿಯವನಿಗೆ ಕೊಡೋಣ ಎಂದು ಅವಳು ಮೊದಲೇ ಹೇಳಿದ್ದಳು. ಇಷ್ಟಕ್ಕೆಲ್ಲ ಅಂಗಡಿ ಯಾಕೆ, ಎರಡು ಕ್ಲಿಪ್ಪು ಬಿಡಿಸಿ ಹಾಕೋ ಕೆಲಸ, ಎಂದವನು ಅವನೇ. ಈ ಮನೆಯಲ್ಲಿ ಅವನು ಆ ಮಾತು ಹೇಳಿದ ಮೇಲೆ, ತೊಟ್ಟಿಕ್ಕುತ್ತಿದ್ದ ನಲ್ಲಿ ಧಾರೆಯಾಗಿ ಸುರಿದಿದೆ, ಸ್ವಲ್ಪ ನಿಧಾನವಾಗಿ ಓಡುತ್ತಿದ್ದ ಗೋಡೆ ಗಡಿಯಾರ ಹಿಂದಕ್ಕೆ ಓಡಿದೆ, ಅತ್ತೆಯ ಇಸ್ತ್ರಿಪೆಟ್ಟಿಗೆ ಬಿಸಿಯಾಗುವುದನ್ನು ಬಿಟ್ಟು ಗುಂಯ್‌ಗುಡುವುದನ್ನು ಕಲಿತಿದೆ. ಯಾರೂ ಅದನ್ನೆಲ್ಲ ಎತ್ತಿ ಆಡಿಲ್ಲ. ಒಳ್ಳೆಯ ಜನ, ಒಳಗೊಳಗೇ ನಗುತ್ತಾರೆ.

ಅವಳು ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದಕ್ಕೆ ಮನೆಯಿಂದಲೇ ಪ್ಯಾಟರ್ನ್ ಮಾಡಿಕೊಡುತ್ತಿದ್ದಳು. ಒಂದು ಅಂಗಿಗೆ ಎಷ್ಟು ತುಂಡು ಬೇಕು, ಸೈಜು ಏರಿದ ಹಾಗೆ ಕಾಲರ್ ಎಷ್ಟು ಹಿಗ್ಗಬೇಕು, ತೋಳು ಎಷ್ಟು ಉದ್ದವಾಗಬೇಕು, ಆ ತುಂಡುಗಳನ್ನೆಲ್ಲ ಬಟ್ಟೆಯ ಅಗಲದೊಳಗೆ ಚೂರೂ ದಂಡವಾಗದ ಹಾಗೆ ಹೇಗೆ ಜೋಡಿಸಬೇಕು, ಇದನ್ನೆಲ್ಲ ಈ ಹಳೆಯ ಕಂಪ್ಯೂಟರಿನಲ್ಲಿ ಕೂಡಿಸಿ ಕಳಿಸುವುದು ಅವಳ ಕೆಲಸ. ಈ ಸಲದ್ದು ಆಸ್ಪತ್ರೆ ಸಿಬ್ಬಂದಿಯ ಕೋಟು. ಎಲ್ಲ ಸೈಜೂ ಒಂದೇ ಜೋಡಣೆಯಲ್ಲಿ ಬೇಕು. ಕೊನೆಯ ಸೈಜಿಗೆ ಬರುವ ಹೊತ್ತಿಗೆ ಕಂಪ್ಯೂಟರ್ ಮೆಮೊರಿ ಸಾಲದೆಂದು ನಿಂತುಬಿಡುತ್ತಿತ್ತು, ಜೋಡಣೆ ಪೂರ್ತಿಯಾಗದೆ ಆ ಹಳೆಯ ಸಾಫ್ಟ್‌ವೇರ್ ಏನನ್ನೂ ಉಳಿಸಿಕೊಳ್ಳುತ್ತಿರಲಿಲ್ಲ. ನಿಂತಿತೋ, ಮತ್ತೆ ಮೊದಲಿನಿಂದ. ಅದಕ್ಕೇ ಮೆಮೊರಿ ಹೆಚ್ಚಿಸಲು ಈ ಹೊಸ ರ‍್ಯಾಮ್ ತಂದದ್ದು. ಸಂಜೆ ಐದಕ್ಕೆ ಫೈಲು ಬಂದರೆ ಪ್ಯಾಟರ್ನ್ ವಿಭಾಗದ ಮುಖ್ಯಸ್ಥೆಯ ಕುರ್ಚಿ ನಿಮ್ಮದೇ, ಬಾರದಿದ್ದರೆ ಬೇರೆಯವರು ಕಾಯ್ತಿದ್ದಾರೆ, ಎಂದು ಫ್ಯಾಕ್ಟರಿ ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿದ್ದ. ಗಾಜಿನ ಕೋಣೆ, ಕೈಕೆಳಗೆ ಜನ, ಬೆಳಿಗ್ಗೆ ಬಾಗಿಲಿಗೇ ವ್ಯಾನು. ಹೋಗು, ನನ್ನದೇನು ಅಡ್ಡಿ, ಎಂದು ಅವನು ಧಾರಾಳವಾಗಿ ಹೇಳಿದ್ದ, ಆಫೀಸಿನಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡೂ ಬಂದಿದ್ದ. ಎಂದಿನಿಂದ ಎಂದು ಯಾರಾದರೂ ಕೇಳಿದರೆ ಮಾತ್ರ ಕಡತ ತಿರುವುತ್ತಿದ್ದ. ಅವಳು ಮಾತ್ರ, ನಿಮ್ಮ ಮುಖ ನೋಡಿದ್ರೆ ಹಾಗನ್ನಿಸಲ್ಲ, ಎಂದು ನಕ್ಕು, ಮ್ಯಾನೇಜರನಿಗೆ ಹೂಂ ಎನ್ನದೆ ದಿನ ತಳ್ಳುತ್ತಿದ್ದಳು.

ಬೇರೆ ದಾರಿ ಕಾಣದೆ ಅವನು ಭಾವಮೈದುನನಿಗೆ ಫೋನು ಮಾಡಿದ. ಭಾವಮೈದುನ ಇಂಥದರಲ್ಲಿ ಎತ್ತಿದ ಕೈ, ಅದಕ್ಕೇ ಅವನಿಗೆ ಫೋನು ಮಾಡುವುದೆಂದರೆ ಕಹಿ ಕುಡಿದಂತೆ. ಆ ಕಡೆಯಿಂದ ಒಂದೊಂದೇ ಪ್ರಶ್ನೆ ಬಂತು, ಅವಸರವಿಲ್ಲದೆ, ದೊಡ್ಡ ಡಾಕ್ಟರು ನಾಲಿಗೆ ಚಾಚಿ ಎನ್ನುವ ಹಾಗೆ. ಮದರ್‌ಬೋರ್ಡು ಯಾವ ಕಾಲದ್ದು, ಹೊಸ ರ‍್ಯಾಮಿನ ವೇಗ ಹಳೆಯದಕ್ಕೆ ಹೊಂದುತ್ತದೋ, ಅದರ ಅಂಚಿನ ಹೊಂಬಣ್ಣದ ಕಾಲುಗಳನ್ನು ರಬ್ಬರಿನಿಂದ ಉಜ್ಜಿ ನೋಡಿದಿರೋ. ಎಲ್ಲದಕ್ಕೂ ಅವನು ಸರಿಯಾಗಿಯೇ ಉತ್ತರಿಸಿದ. ಕೊನೆಗೆ, "ಭಾವ, ಎರಡನೇ ಸ್ಲಾಟಲ್ಲಿ ಒಂದನ್ನೇ ಹಾಕಿ ನೋಡಿದ್ರಾ?" ಎಂಬ ಪ್ರಶ್ನೆ ಬಂತು. ನೋಡಿರಲಿಲ್ಲ. ಎರಡನ್ನೂ ಒಂದೊಂದಾಗಿ ರ‍್ಯಾಮ್ ಕೂರುವ ಮೊದಲನೇ ಸ್ಲಾಟಿನಲ್ಲೇ ಹಾಕಿ ತೆಗೆದಿದ್ದನೇ ಹೊರತು ಎರಡನೆಯ ಸ್ಲಾಟನ್ನು ಒಬ್ಬಂಟಿಯಾಗಿ ಪರೀಕ್ಷಿಸಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. ಎಷ್ಟು ಸಣ್ಣ ಪ್ರಶ್ನೆ, ಇಲ್ಲ ಎಂದರೆ ಮುಗಿಯಿತು. ಆದರೆ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು, ಅವಳ ಹಿಂದೆ ಅತ್ತೆ ನಿಂತಿದ್ದರು, ಬಾಯಿ ತಾನಾಗಿ, ಅಯ್ಯೋ ಅದನ್ನೇ ಮೊದಲು ನೋಡಿದ್ದು, ಎಂದುಬಿಟ್ಟಿತು. ಭಾವಮೈದುನ, ಹಾಗಾದ್ರೆ ಬೋರ್ಡಿನ ಮೇಲಿರೋ ಬಟನ್ ಸೆಲ್ ತೆಗೆದು ಮತ್ತೆ ಹಾಕಿ, ಎಂದ. ಇಲ್ಲ ಎಂದಿದ್ದರೆ, ಆ ಸ್ಲಾಟಿನ ತುದಿಯ ಕ್ಲಿಪ್ಪು ಅಡ್ಡಬಂದ ಕೇಬಲ್ಲಿಗೆ ತಾಗಿ ರ‍್ಯಾಮ್ ಅರೆಬರೆ ಕೂತಿರಬಹುದು ಎಂದು ಅವನು ಹೇಳುತ್ತಿದ್ದನೇನೋ, ಆದರೆ ಅದನ್ನೇ ಮೊದಲು ನೋಡಿದವರಿಗೆ ಅದನ್ನು ಹೇಳುವುದಾದರೂ ಹೇಗೆ?

ಸೆಲ್ ತೆಗೆದು ಹಾಕಿದ್ದರಿಂದ ಕೂಗು ನಿಲ್ಲಲಿಲ್ಲ. ಒಂದೇ ರ‍್ಯಾಮಿನಲ್ಲಿ ಎಬ್ಬಿಸಿ ನೋಡಿದರೆ ಕಂಪ್ಯೂಟರಿಗೆ ಕಾಲವೇ ಮರೆತುಹೋಗಿತ್ತು. ಪರದೆಯ ಮೂಲೆಯಲ್ಲಿ ಅವರ ಮದುವೆಗಿಂತ ಹಿಂದಿನ ಒಂದು ಜನವರಿ ಬಂದು ಕೂತಿತ್ತು. ಪ್ಯಾಟರ್ನಿನ ಸಾಫ್ಟ್‌ವೇರ್, ನಿಮ್ಮ ಅನುಮತಿಯ ಅವಧಿ ಇನ್ನೂ ಶುರುವಾಗಿಲ್ಲ, ಎಂದು ಬಾಗಿಲು ಹಾಕಿಕೊಂಡಿತು. ಆ ಜನವರಿಯಲ್ಲಿ ಅವನು ಏನು ಮಾಡುತ್ತಿದ್ದ? ಹೆಣ್ಣು ನೋಡಲು ಹೋಗಿ, ಅವರ ಮನೆಯ ಅಲುಗಾಡುವ ಕುರ್ಚಿಯಲ್ಲಿ ಕೂತು, ಅಲುಗಾಡುತ್ತಿದೆ ಎಂದು ತೋರಿಸಿಕೊಳ್ಳದೆ ಬಿಗಿಯಾಗಿ ಕೂತಿದ್ದ. ಅಳಿಯ ಗಟ್ಟಿ ಮನುಷ್ಯ ಎಂದು ಮಾವ ಒಪ್ಪಿದ್ದೇ ಆ ಕೂರುವಿಕೆಯನ್ನು ನೋಡಿ. ಈಗ ತಾರೀಖು ಸರಿಮಾಡುವ ಮುಂಚೆ ಒಂದು ಗಳಿಗೆ ಅವನ ಕೈ ಹಾಗೇ ನಿಂತಿತು. ಇದರ ಲೆಕ್ಕದಲ್ಲಿ ಇನ್ನೂ ಏನೂ ಆಗಿಲ್ಲ, ನಲ್ಲಿಯೂ ನೆಟ್ಟಗಿದೆ, ಗಡಿಯಾರವೂ ನೆಟ್ಟಗಿದೆ, ಪಕ್ಕದಲ್ಲಿ ನಿಂತ ಈ ಹೆಂಗಸು ಯಾರೋ ಏನೋ. "ಏನ್ರೀ, ನಿದ್ದೆ ಬಂತಾ?" ಎಂದಳು ಹೆಂಡತಿ. ಅವನು ಅವಸರವಾಗಿ ಇವತ್ತಿನ ತಾರೀಖು ಒತ್ತಿದ.

ಆಮೇಲೆ ಆದದ್ದು ಹೀಗೆ. ರೋಸಿಹೋಗಿ ಅವನು ಎರಡನ್ನೂ ಮತ್ತೆ ಹಾಕಿ, ಎರಡನೆಯದರ ನೆತ್ತಿಯ ಮೇಲೆ ಹೆಬ್ಬೆರಳಿಟ್ಟು, ಸಾಯಿ, ಎಂದು ಒತ್ತಿ ಹಿಡಿದುಕೊಂಡೇ ಎಡಗೈಯಿಂದ ಗುಂಡಿ ಅದುಮಿದ. ಒಳಗೆಲ್ಲೋ ಟಕ್ ಎಂದಿತು. ತನ್ನ ಗೆಣ್ಣಿನ ನೆಟಿಗೆ ಮುರಿದಿರಬೇಕು ಎಂದುಕೊಂಡ. ಕೂಗಲಿಲ್ಲ. ಪರದೆ ಬೆಳಗಿತು, ಮೆಮೊರಿಯ ಅಂಕಿ ಸರಸರನೆ ಏರಿ ಇಮ್ಮಡಿಯಾಗಿ ನಿಂತಿತು. ಹೆಂಡತಿ ಟೇಪು ಕೆಳಗೆ ಹಾಕಿ ಓಡಿಬಂದಳು. ಅವನು ಗೆಲುವಿನಿಂದ ಕೈ ಹಿಂದಕ್ಕೆ ಎಳೆದದ್ದೇ ತಡ, ಯಂತ್ರ ಪಟ್ಟನೆ ಆರಿಹೋಗಿ ಮತ್ತೆ ಏಳಲು ಹವಣಿಸಿತು. ಜೀವ ಬಾಯಿಗೆ ಬಂದು ಅವನು ಪುನಃ ಹೆಬ್ಬೆರಳು ಒತ್ತಿದ, ಅದು ಪುನಃ ಎದ್ದಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನ ಹೆಬ್ಬೆರಳು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. "ಹೀಗೇ ಹಿಡ್ಕೊಂಡಿರ್ತೀರಾ?" ಎಂದು ಅವಳು ಕೇಳಿದಳು, ಮಗುವನ್ನು ಸ್ವಲ್ಪ ಹಿಡ್ಕೊಳ್ಳಿ ಎಂದು ಬಸ್ಸಿನಲ್ಲಿ ಅಪರಿಚಿತರನ್ನು ಕೇಳುವ ದನಿಯಲ್ಲಿ. ಹಿಡ್ಕೊಂಡಿರ್ತೀನಿ, ನೀನು ಕೆಲಸ ನೋಡು, ಎಂದು ಅವನು ಸ್ಟೂಲಿನ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಅವಳು ಮೇಜಿಗೆ ಕುರ್ಚಿ ಎಳೆದುಕೊಂಡು ಮೊದಲ ಸೈಜಿನ ಬೆನ್ನಿನ ತುಂಡನ್ನು ಇಳಿಸಿದಳು.

ಮೊದಲು ಚೆನ್ನಾಗಿಯೇ ಇತ್ತು. ಅತ್ತೆ ಬಂದು, ಕರೆಂಟು ಹೊಡೆದೀತು ಎಂದು ಅವನ ಕೆಳಗೆ ರಬ್ಬರ್ ಮ್ಯಾಟು ತುರುಕಿದರು. ಹೊಡೆದರೆ ಬಡಿದು ಬಿಡಿಸಲು ಕಟ್ಟಿಗೆಯದೇ ಆಗಬೇಕೆಂದು ಎಲ್ಲೋ ಕೇಳಿದ್ದರಂತೆ. ಅಡುಗೆಮನೆಯಿಂದ ಲಟ್ಟಣಿಗೆ ತಂದು ತೊಡೆಯ ಮೇಲಿಟ್ಟುಕೊಂಡು ಎದುರಿಗೇ ಕೂತು, ಅಳಿಯಂದಿರು ಸ್ವಲ್ಪ ಅಲುಗಾಡಿದರೂ ಅದನ್ನು ಎತ್ತುತ್ತಿದ್ದರು. ಮೂಗು ತುರಿಸಿದಾಗ ಕೂಡ ಅವನು, ಅತ್ತೆ, ಮೂಗು, ಎಂದು ಮೊದಲೇ ತಿಳಿಸಿ ತುರಿಸಿಕೊಳ್ಳಬೇಕಾಯಿತು. ಊಟದ ಹೊತ್ತಿಗೆ ಅವರೇ ತುತ್ತು ಮಾಡಿ ಬಾಯಿಗಿಟ್ಟರು. ಬೆಳೆದ ಗಂಡಸು ಅತ್ತೆಯ ಕೈತುತ್ತು ತಿನ್ನುವಾಗ ಎಲ್ಲಿ ನೋಡಬೇಕೆಂದು ತಿಳಿಯದೆ ಅವನು ಮದರ್‌ಬೋರ್ಡನ್ನು ನೋಡಿದ. ನಡುವೆ ಮೀಟರ್ ಓದುವವನು ಬಂದು, ತೆರೆದ ಬಾಗಿಲಿಂದ ಈ ದೃಶ್ಯ ಕಂಡು, ಸಾರ್ ಕೈ ಸಿಕ್ಕಿಹಾಕಿಕೊಂಡಿದೆಯೇ, ಮೇನ್ ಸ್ವಿಚ್ ಆಫ್ ಮಾಡಲೇ, ಎಂದು ಮೀಟರಿನ ಕಡೆಗೆ ಹೊರಟೇಬಿಟ್ಟ. ಮೂವರೂ ಒಟ್ಟಿಗೆ ಬೇಡ ಎಂದು ಕೂಗಿದರು. ಆತ ರೀಡಿಂಗ್ ಬರೆದುಕೊಂಡು, ಹಿಂತಿರುಗಿ ಹಿಂತಿರುಗಿ ನೋಡುತ್ತ ಹೋದ. ಅವತ್ತು ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ ಹಬ್ಬುವುದು ಖಾತ್ರಿ.

ತಮಾಷೆಯೆಂದರೆ ಅವನ ಈ ಹೆಬ್ಬೆರಳಿಗೆ ಆಫೀಸಿನಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಬಾಗಿಲ ಬಳಿ ಹಾಜರಿಯ ಯಂತ್ರ ಕೂರಿಸಿದ ದಿನದಿಂದ ಅದು ಅವನನ್ನು ಗುರುತಿಸಿಲ್ಲ. ಅದಕ್ಕೆ ಮುಂಚೆ ಹಾಜರಿ ಹಿಡಿಯುತ್ತಿದ್ದವನು ಅವನೇ. ಯಾರು ತಡ, ಯಾರು ಸಾಹೇಬರ ಕಣ್ಣು ತಪ್ಪಿಸಿ ಬಂದರು ಎಂದು ಅವನ ಪೆನ್ನಿನ ತುದಿಗೆ ಗೊತ್ತಿರುತ್ತಿತ್ತು, ಜನ ಹಲ್ಲು ಗಿಂಜಿ ಅವನ ಮೇಜು ದಾಟುತ್ತಿದ್ದರು. ಈಗ ಅವನು ಬೆರಳು ಒರೆಸಿ ಇಡುತ್ತಾನೆ, ಯಂತ್ರ ಕ್ಷಮಿಸಿ ಎನ್ನುತ್ತದೆ. ಊದಿ ಇಡುತ್ತಾನೆ, ಕ್ಷಮಿಸಿ ಎನ್ನುತ್ತದೆ. ಹಿಂದೆ ಸಾಲು ಬೆಳೆಯುತ್ತದೆ. ಅಜ್ಜನ ಕಾಲದ ಬೆರಳು ಸಾರ್, ಗೆರೆ ಸವೆದುಹೋಗಿದೆ, ಎಂದು ಯಾರೋ ಹಿಂದಿನಿಂದ ಹೇಳುತ್ತಾರೆ, ಕಾವಲುಗಾರ ಬಂದು, ಇವರು ನಮ್ಮವರೇ, ಎಂದು ಒಳಗೆ ಬಿಡುತ್ತಾನೆ. ನಮ್ಮವರೇ. ಈ ಮಾತನ್ನು ಅವನು ದಿನವೂ ಮನೆಗೆ ಹೊತ್ತು ತರುತ್ತಾನೆ, ಯಾರಿಗೂ ಹೇಳಿಲ್ಲ. ಇಲ್ಲಿ ನೋಡಿದರೆ ಇನ್ನೊಂದು ಯಂತ್ರ ಅವನ ಅದೇ ಹೆಬ್ಬೆರಳಿಲ್ಲದೆ ಉಸಿರಾಡುವುದಿಲ್ಲ. ಪೆಟ್ಟಿಗೆಯೊಳಗಿನ ಫ್ಯಾನಿನ ಗಾಳಿ ಮಣಿಕಟ್ಟಿಗೆ ಬೆಚ್ಚಗೆ ತಾಗುತ್ತಿತ್ತು. ಪರದೆಯ ಮೇಲೆ ಕೋಟಿನ ತೋಳುಗಳು, ಜೇಬುಗಳು, ಕಾಲರುಗಳು ಒಂದರ ಸಂದಿಗೆ ಒಂದು ಬಂದು ಕೂರುತ್ತಿದ್ದವು, ಅಷ್ಟೂ ತನ್ನ ಬೆರಳಿನ ಮೇಲೆ ನಿಂತಿವೆ ಎಂದು ಅವನಿಗೆ ಹೆಮ್ಮೆಯಾಯಿತು. ಒಂದು ಸಲ ಕೆಮ್ಮು ಬಂದು ಇಡೀ ಮೈ ಕುಲುಕಿತು, ಅತ್ತೆ ಲಟ್ಟಣಿಗೆ ಎತ್ತಿದರು, ಹೆಂಡತಿ ತಿರುಗಿ ನೋಡಿದಳು. ಕಂಪ್ಯೂಟರ್ ನಡೆದೇ ಇತ್ತು. ಎಂಥ ಹಿಡಿತ ನನ್ನದು ಎಂದು ಅವನು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಅತ್ತೆಗೆ ಕೂತಲ್ಲೇ ಜೊಂಪು ಹತ್ತಿತು. ಬಿಸಿಲು ಕಿಟಕಿಯಿಂದ ಇಳಿದು ಹೆಂಡತಿಯ ಕುರ್ಚಿಯ ಕಾಲಿಗೆ ಬಂತು. ಇಷ್ಟು ಹತ್ತಿರದಿಂದ ಅವಳು ಕೆಲಸ ಮಾಡುವುದನ್ನು ಅವನು ನೋಡಿರಲಿಲ್ಲ. ತುಂಡೊಂದು ಜಾಗಕ್ಕೆ ಕೂರದಿದ್ದರೆ ಕೆಳತುಟಿ ಕಚ್ಚುತ್ತಿದ್ದಳು, ಕೂತರೆ ಬಿಡುತ್ತಿದ್ದಳು, ಆ ಮುಖದಲ್ಲಿ ಅವನಿಗಾಗಿ ಇಟ್ಟ ಜಾಗ ಒಂದಿಷ್ಟೂ ಇರಲಿಲ್ಲ. ಕೊನೆಯ ಸೈಜು ಅರ್ಧವಾದಾಗ ಮ್ಯಾನೇಜರನ ಫೋನು ಬಂತು. ಅವಳು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿಕೊಂಡು ಮಾತಾಡಿದಳು. ಎದೆಯ ಕಡೆ ಒಂದು ದಾರದಷ್ಟು ಹೆಚ್ಚು ಬಿಟ್ಟಿದ್ದೇನೆ, ಒಗೆದರೆ ಬಟ್ಟೆ ಕುಗ್ಗುತ್ತದೆ, ಇಲ್ಲ, ನೀವು ಹೇಳಿದ ಅಳತೆ ತಪ್ಪು, ನನ್ನದೇ ಇರಲಿ. ನೀವು ಹೇಳಿದ್ದು ತಪ್ಪು. ಹೀಗೆ ಹೇಳಿ ಅವಳು ನಕ್ಕಳು, ಆ ಕಡೆಯವನೂ ನಕ್ಕ, ಸರಿ ಮೇಡಂ, ಎಂದದ್ದು ನೆಲದ ಮೇಲೆ ಕೂತವನಿಗೂ ಕೇಳಿಸಿತು. ಅದು ಹೆಂಡತಿಯ ದನಿಯಲ್ಲ. ಇಷ್ಟು ವರ್ಷ ಮನೆಯಲ್ಲಿ ಎಲ್ಲಿಟ್ಟಿದ್ದಳು ಆ ದನಿಯನ್ನು? ಅವನಿಗೆ ಅವಳು ಎಂದೂ ನೀವು ಹೇಳಿದ್ದು ತಪ್ಪು ಎಂದಿಲ್ಲ. ನಲ್ಲಿ ಸುರಿಯುವಾಗ ಬಕೆಟ್ಟು ತಂದು ಇಟ್ಟಿದ್ದಾಳೆ, ಗಡಿಯಾರ ಹಿಂದಕ್ಕೆ ಓಡುವಾಗ ಗೋಡೆಯಿಂದ ತೆಗೆದಿದ್ದಾಳೆ. ತಪ್ಪು ಎನ್ನುವಷ್ಟು ಗೌರವವನ್ನು ಅವಳು ಅವನಿಗೆ ಕೊಟ್ಟಿಲ್ಲ. ನಾಳೆ ಈ ದನಿ ವ್ಯಾನು ಹತ್ತಿ ಹೋಗುತ್ತದೆ. ಸಂಜೆ ಬರುವುದು ಬಕೆಟ್ಟು ಹಿಡಿದ ಹೆಂಡತಿ, ಅದೂ ದಣಿದು.

ಹೆಬ್ಬೆರಳು ಅಲ್ಲೇ ಇತ್ತು. ಎಷ್ಟು ಸುಲಭ, ಯಾರಿಗೂ ಗೊತ್ತಾಗುವುದಿಲ್ಲ. ಜೋಮು ಹಿಡಿಯಿತು ಎನ್ನಬಹುದು, ಬೆವರಿ ಜಾರಿತು ಎನ್ನಬಹುದು, ಪಾಪ ಬೆಳಗಿನಿಂದ ಹಿಡಿದಿದ್ದರು ಎಂದು ಅತ್ತೆಯೇ ಹೇಳುತ್ತಾರೆ. ಛೇ, ಎಂದುಕೊಂಡ. ನಾನೇನು ಅಂಥವನೇ, ಎಂದುಕೊಂಡ. ಹಾಗೆಂದುಕೊಳ್ಳುತ್ತಿರುವಾಗಲೇ ಅವಳು ಫೋನಿನಲ್ಲಿ ಇನ್ನೊಮ್ಮೆ ನಕ್ಕಳು. ಅವನು ಹೆಬ್ಬೆರಳನ್ನು ಎತ್ತಿದ. ಜಾರಲಿಲ್ಲ, ನಡುಗಲಿಲ್ಲ, ಎತ್ತಿದ, ಕೈಯನ್ನು ಪೆಟ್ಟಿಗೆಯಿಂದ ಪೂರ್ತಿ ಹೊರಗೆ ತಂದು ಮೊಣಕಾಲ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ.

ಫ್ಯಾನು ತಿರುಗುತ್ತಿತ್ತು. ಕಣ್ಣು ಬಿಟ್ಟ. ಪರದೆ ಬೆಳಗುತ್ತಿತ್ತು, ಕೊನೆಯ ಕೋಟಿನ ತೋಳು ನಿಧಾನವಾಗಿ ತಿರುಗಿ ತನ್ನ ಸಂದಿಗೆ ಇಳಿಯುತ್ತಿತ್ತು. ಅವನು ಕಾದ. ಏನೂ ಆಗಲಿಲ್ಲ. ಮೊದಲು ಬಂದದ್ದು ಭಯವಲ್ಲ, ಅವಮಾನ. ಕೊಲೆ ಮಾಡಲು ಹೋದವನಿಗೆ ಸತ್ತವನು ಎದ್ದು ಕೂತು, ಏನು ಸಾರ್ ಬಂದದ್ದು, ಎಂದು ಕೇಳಿದ ಹಾಗೆ. ಹಾಗಾದರೆ ಬೆಳಗಿನಿಂದ ತಾನು ಹಿಡಿದುಕೊಂಡಿದ್ದು ಏನನ್ನು? ಆಮೇಲೆ ಮೈಯೆಲ್ಲ ತಣ್ಣಗಾಯಿತು, ಮೆಲ್ಲಗೆ, ಕಳ್ಳನಂತೆ, ಕೈಯನ್ನು ಪೆಟ್ಟಿಗೆಯೊಳಗೆ ಕಳಿಸಿ ಹೆಬ್ಬೆರಳನ್ನು ಇದ್ದ ಜಾಗದಲ್ಲೇ ಇಟ್ಟ. ಈ ಸಲ ಒತ್ತಲಿಲ್ಲ, ಬರೀ ಇಟ್ಟ. ಹೆಂಡತಿ ಫೋನು ಇಟ್ಟು ಕೆಲಸಕ್ಕೆ ತಿರುಗಿದ್ದಳು. ಇನ್ನು ಸ್ವಲ್ಪ, ಎಂದಳು, ಪರದೆಗೋ ಅವನಿಗೋ. ಇರಲಿ ಇರಲಿ, ನಿಧಾನವಾಗಿ ಮಾಡು, ಎಂದ ಅವನು. ದನಿ ಎಷ್ಟು ಮೃದುವಾಗಿ ಬಂತೆಂದರೆ ಅವನಿಗೇ ಹೇಸಿಗೆಯಾಯಿತು.

ಐದಕ್ಕೆ ಮುಂಚೆಯೇ ಜೋಡಣೆ ಮುಗಿದು ಫೈಲು ಹೋಯಿತು. ಹೋಯ್ತು, ಎಂದು ಅವಳು ಕುರ್ಚಿಗೆ ಒರಗಿ ಎರಡೂ ಕೈ ಮೇಲೆತ್ತಿ ಮೈಮುರಿದಳು. ಅತ್ತೆ ಎಚ್ಚೆತ್ತು ಲಟ್ಟಣಿಗೆ ಕೆಳಗಿಟ್ಟು, ಅಳಿಯಂದಿರು ಇಲ್ಲದಿದ್ರೆ ಇವತ್ತು ಏನು ಗತಿ, ಎಂದು ಕಣ್ಣೊರೆಸಿಕೊಂಡು ಚಹಾ ಮಾಡಲು ಎದ್ದು ಹೋದರು. ಅವನು ಕೈ ತೆಗೆಯಲು ಅಂಜಿ ಹಾಗೇ ಕೂತಿದ್ದ. ಅವಳು ಕುರ್ಚಿಯಿಂದ ಇಳಿದು ಅವನೆದುರು ನೆಲದ ಮೇಲೆ ಕೂತಳು.

"ಕೈ ತೆಗೀರಿ. ಅದೇನೂ ಆಗಲ್ಲ."

ಏನು, ಎಂದ ಅವನು. ಅವಳ ಮುಖದಲ್ಲಿ ಬೆಳಗಿನಿಂದ ಕಾಣದ ತುಂಟತನ ಬಂತು. ಊಟವಾದ ಮೇಲೆ ಅವನು ಕೆಮ್ಮಿದಾಗ ಹೆಬ್ಬೆರಳು ಅರ್ಧ ಗೇಣು ಮೇಲೆ ಹಾರಿತ್ತಂತೆ. ಕಂಪ್ಯೂಟರ್ ಮಿಸುಕಿರಲಿಲ್ಲವಂತೆ. ಟಕ್ ಎಂದಾಗಲೇ ರ‍್ಯಾಮ್ ಸ್ಲಾಟಿನಲ್ಲಿ ಭದ್ರವಾಗಿ ಕೂತಿತ್ತಂತೆ. ಬೆಳಿಗ್ಗೆ ಆರಿದ್ದು ಬೆರಳಿಂದಲ್ಲ, ಕೈ ಎಳೆಯುವಾಗ ಮೊಣಕೈ ಮುಂದಿನ ರೀಸ್ಟಾರ್ಟ್ ಗುಂಡಿಗೆ ಬಡಿದಿದ್ದರಿಂದ ಎಂದು ಆಮೇಲೆ ಅವಳಿಗೆ ಹೊಳೆಯಿತಂತೆ. ಮತ್ತೆ ಯಾಕೆ ಹೇಳಲಿಲ್ಲ, ಎಂದು ಅವನು ಕೇಳಿದ.

"ಹೇಳಿದ್ರೆ ಎದ್ದು ಬರ್ತಿದ್ರಿ. ಬಂದು ಇನ್ನೇನಾದ್ರೂ ರಿಪೇರಿ ಮಾಡ್ತಿದ್ರಿ. ಕೆಲಸ ಮುಗಿಯೋ ತನಕ ಕೂತಿರ್ಲಿ ಅಂತ ಬಿಟ್ಟೆ."

ಅವನಿಗೆ ನಗು ಬಂತು. ಅವಮಾನವೆಲ್ಲ ಕೊಚ್ಚಿಹೋಗುವಂಥ ನಗು, ಅವಳೂ ನಕ್ಕಳು, ಅಡುಗೆಮನೆಯಿಂದ ಅತ್ತೆ, ಏನದು, ಎಂದು ಕೇಳಿದರು. ಎಷ್ಟೋ ಕಾಲದ ಮೇಲೆ ಇಬ್ಬರೂ ಹೀಗೆ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ತಾನು ಬಚಾವಾದೆ ಎಂದು ಅವನು ತಿಳಿದ. ಅವಳು ನಗುವನ್ನು ಮೊದಲು ನಿಲ್ಲಿಸಿ, ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, ಅವನ ಕೈಯನ್ನು ನೋಡಿದಳು.

"ಕೆಮ್ಮಿದಾಗ ತಾನಾಗೇ ಬಿಟ್ಟಿತ್ತು. ಆಮೇಲೆ, ನಾನು ಫೋನಲ್ಲಿದ್ದಾಗ, ನೀವಾಗೇ ತೆಗೆದ್ರಲ್ಲ. ಅದು ಯಾಕೆ?"

ಜೋಮು ಎನ್ನಬಹುದಿತ್ತು, ಬೆವರು ಎನ್ನಬಹುದಿತ್ತು. ಹೊಂದಿಸಿಟ್ಟುಕೊಂಡ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲೇ ಇದ್ದವು, ಆದರೆ ಅವಳು ತುಂಡು ಸಂದಿಗೆ ಕೂರುತ್ತದೋ ಇಲ್ಲವೋ ಎಂದು ನೋಡುವ ಹಾಗೆ ಅವನನ್ನು ನೋಡುತ್ತಿದ್ದಳು, ಕೆಳತುಟಿ ಕಚ್ಚಿಕೊಂಡು. ಗೊತ್ತಿಲ್ಲ, ಎಂದ. "ಗೊತ್ತು ನಿಮಗೆ," ಎಂದಳು ಅವಳು, ಸಿಟ್ಟಿಲ್ಲದೆ, ಬೇಕಿದ್ದರೆ ಮರುಕದಿಂದ ಎನ್ನಬಹುದು. ಮೇಜಿನ ಮೇಲೆ ಫೋನು ಬಡಿದುಕೊಳ್ಳತೊಡಗಿತು. ಅವಳು ಎದ್ದು, ಅವನ ಮಡಿಸಿದ ಕಾಲನ್ನು ದಾಟಿ ಹೋಗಿ ಫೋನು ತೆಗೆದುಕೊಂಡಳು. ಫೈಲು ತಲುಪಿತಂತೆ, ಚೆನ್ನಾಗಿದೆಯಂತೆ. ಹೌದು, ಎಂದಳು, ಹೌದು ಹೌದು, ಎಂದಳು. ಆ ಕಡೆಯಿಂದ ಏನೋ ಕೇಳಿದರು. ಅವಳು ತಿರುಗಿ ಅವನನ್ನು ನೋಡಿದಳು. ಆಮೇಲೆ ಆ ಇನ್ನೊಂದು ದನಿಯಲ್ಲಿ, ಈ ಮನೆಯೊಳಗೆ ಮೊದಲ ಸಲ ಅವನ ಮುಖ ನೋಡಿಕೊಂಡೇ ಹೇಳಿದಳು:

"ಯೋಚನೆ ಮಾಡೋದೇನೂ ಉಳಿದಿಲ್ಲ ಸಾರ್. ನಾಳೆಯಿಂದ್ಲೇ ಬರ್ತೀನಿ."

ಅವನು ಏಳಲು ನೋಡಿದ. ಎರಡೂ ಕಾಲು ಮರಗಟ್ಟಿದ್ದವು. ಅತ್ತೆ ಚಹಾ ತಂದು, ಅಳಿಯಂದಿರಿಗೆ ಇನ್ನೂ ಕೈ ಬಿಡುವಿಲ್ಲವೇನೋ ಎಂದು ಲೋಟವನ್ನು ಅವನ ತುಟಿಗೇ ಹಿಡಿದರು, ಅವನು ಕುಡಿದ.